ಅಲಸಂದೆ ಹೊಲಕ್ಕೆ ಹತ್ತು ಸೋಮವಾರ

ದಿಲೀಪ ಆ ಬೆಳಿಗ್ಗೆ ಮಾಡಿದ ಕೆಲಸದಲ್ಲಿ ಹುಡುಕಿದರೂ ಒಂದು ಊನ ಸಿಗುತ್ತಿರಲಿಲ್ಲ. ಟ್ರ್ಯಾಕ್ಟರಿನ ಹಿಂದೆ ಕಟ್ಟಿದ ರೋಟವೇಟರು ನೆಲಕ್ಕೆ ಹದವಾಗಿ ಇಳಿದಿತ್ತು. ಸುತ್ತು ದಾರ ಹಿಡಿದಂತೆ ನೇರ ಬಂದಿತ್ತು. ಹಸಿರೆಲ್ಲ ನುಣ್ಣಗೆ ಕೊಚ್ಚಿಕೊಂಡು ಮಣ್ಣಿನೊಳಗೆ ಸೇರಿತ್ತು. ಹೊಲ ಮಾತ್ರ ಬೇರೆಯವರದಾಗಿತ್ತು.

ನುಗ್ಗೇಹಳ್ಳಿಯಿಂದ ಮೂರು ಕಿಲೋಮೀಟರು ಈಚೆಗೆ, ಮೋರಿ ದಾಟಿದ ಮೇಲೆ ಎಡಕ್ಕೆ ಎರಡು ಹೊಲಗಳಿವೆ. ಮೊದಲನೆಯದು ಲೈನ್‌ಮ್ಯಾನ್ ಕೆಲಸದಿಂದ ನಿವೃತ್ತರಾದ ಬೈರಯ್ಯನವರದು. ಅದರಾಚೆಯದು ರಾಮಣ್ಣನದು. ರಾಮಣ್ಣ ರಾಗಿಗೆ ಮುಂಚೆ ಗೊಬ್ಬರವಾಗಲಿ ಎಂದು ಅಪ್ಸೆಣಬು ಚೆಲ್ಲಿದ್ದ. ಅದು ಎದೆಯುದ್ದ ಬೆಳೆದು ಹಳದಿ ಹೂವು ಇಣುಕುವ ಹೊತ್ತಿಗೆ ಹಸಿಹಸಿಯಾಗಿಯೇ ಉತ್ತು ಮಣ್ಣಿಗೆ ಸೇರಿಸಿ ಕೊಳೆಸುವುದು ಈ ಕಡೆಯ ರೂಢಿ. "ಮೋರಿ ದಾಟಿ ಎಡಕ್ಕೆ, ಹಸ್ರು ಕಾಣ್ತದೆ, ಒಡ್ದಾಕ್ಬುಡು" ಎಂದು ರಾಮಣ್ಣ ಫೋನಿನಲ್ಲಿ ಹೇಳಿದ್ದ. ಬೈರಯ್ಯನವರ ಹೊಲದಲ್ಲಿದ್ದದ್ದು ಮೊಣಕಾಲುದ್ದದ ಅಲಸಂದೆ. ಬಳ್ಳಿ ತುಂಬ ಕಾಯಿ. ಬಿಡಿಸಲು ಇನ್ನು ಒಂದು ವಾರವಿತ್ತು. ಅಪ್ಸೆಣಬಿಗೂ ಅಲಸಂದೆಗೂ ಇರುವ ವ್ಯತ್ಯಾಸ ಎರಡನೇ ಕ್ಲಾಸಿನ ಮಗುವಿಗೂ ಗೊತ್ತಾಗುತ್ತದೆ. ಆದರೆ ಹನ್ನೊಂದು ದಿನಗಳಿಂದ ನಾಲ್ಕು ಗಂಟೆಗಿಂತ ಹೆಚ್ಚು ಮಲಗದ ದಿಲೀಪನ ಕಣ್ಣಿಗೆ ಕಂಡದ್ದು ಹಸಿರು, ಅಷ್ಟೆ.

ಬೈರಯ್ಯನವರ ಹೆಂಡತಿ ಮಲ್ಲಿಗಮ್ಮ ಕುಕ್ಕೆ ಹಿಡಿದು ಬದುವಿನ ಮೇಲೆ ಬಂದು ನಿಂತಾಗ ಅರ್ಧ ಹೊಲ ಮುಗಿದಿತ್ತು. ಆಕೆ ಕುಕ್ಕೆ ಎಸೆದು ಎರಡೂ ಕೈ ಆಡಿಸುತ್ತ ಕೂಗಿದರು. "ನಿಲ್ಸೋ ದಿಲೀಪಾ, ನಿಲ್ಸೋ!"

ಇಂಜಿನ್ ಸದ್ದಿನಲ್ಲಿ ಅವನಿಗೆ ಕೈ ಮಾತ್ರ ಕಂಡಿತು. ಸೀಜನ್ನಿನಲ್ಲಿ ಟ್ರ್ಯಾಕ್ಟರಿನವನಿಗೆ ಕೈ ಆಡಿಸುವವರಿಗೇನು ಕಡಿಮೆ? "ಬತ್ತೀನಿ ಕಣಕ್ಕ, ಇದೊಂದ್ ಮುಗಿಸ್ಕಂಡ್ ನಿಮ್ದುಕ್ಕೇ ಬತ್ತೀನಿ" ಎಂದು ತಾನೂ ಕೈಬೀಸಿ ಇನ್ನೊಂದು ಸುತ್ತು ತಿರುಗಿಸಿದ.

ಕೊನೆಗೆ ಆಕೆ ಟ್ರ್ಯಾಕ್ಟರಿನ ಮುಂದೆಯೇ ಬಂದು ನಿಂತ ಮೇಲೆ ಇಳಿದ. ನೆಲದಿಂದ ಒಂದು ತುಂಡು ಬಳ್ಳಿ ಎತ್ತಿ, ಅದರಲ್ಲಿ ಜೋತಾಡುತ್ತಿದ್ದ ಕಾಯಿಯನ್ನು ಬಹಳ ಹೊತ್ತು ನೋಡಿದ.

"ಅಕ್ಕಾ, ಇದು ಅಲಸಂದೆ."

"ಊಂ ಕಣಪ್ಪ" ಎಂದರು ಮಲ್ಲಿಗಮ್ಮ. "ನೆನ್ನೆಗಂಟ ಅಲಸಂದೇನೇ ಆಗಿತ್ತು. ಈಗ ಗೊಬ್ಬರ."

*

ಪಂಚಾಯ್ತಿ ನಡೆದದ್ದು ಬೈರಯ್ಯನವರ ಜಗಲಿಯ ಮೇಲೆ. ಪಂಚಾಯ್ತಿ ಅಂದರೆ ನಾಲ್ಕೇ ಜನ. ದಿಲೀಪ ತಲೆ ತಗ್ಗಿಸಿ ನಿಂತಿದ್ದ. ಮಲ್ಲಿಗಮ್ಮ ಬಾಗಿಲಿಗೆ ಒರಗಿದ್ದರು. ಬೈರಯ್ಯ ಚಾಪೆಯ ಮೇಲೆ ಕೂತು ಕಾಫಿ ಆರಿಸುತ್ತಿದ್ದರು. ಇವರ ನಡುವೆ ರಾಮಣ್ಣ ಬೇರೆ, ತನ್ನದೇ ದೊಡ್ಡ ಅನ್ಯಾಯವೆಂಬಂತೆ ಕೂಗಾಡುತ್ತಿದ್ದ.

"ಅಲ್ಲ ಕಣ್ಲಾ, ನನ್ ಅಪ್ಸೆಣಬು ಅಂಗೇ ನಿಂತದೆ! ನಾಳಿದ್ದು ಹೂವಾಗಿ ಬೀಜ ಆದ್ರೆ ಏನ್ ಮಾಡ್ಲಿ? ಉಳೋದಾದ್ರೆ ಎಲ್ಡ್ನೂ ಉಳ್ಬೇಕಿತ್ತಪ್ಪ!"

"ನೀ ಸುಮ್ಕಿರು ರಾಮಣ್ಣ" ಎಂದರು ಬೈರಯ್ಯ. "ಎಲ್ಡ್ನೂ ಉತ್ತಿದ್ರೆ ನಾನ್ ಇನ್ನೂ ಚೆನ್ನಾಗಿರ್ತಿದ್ನಾ?"

ದಿಲೀಪ ತಲೆ ಎತ್ತಿದ. "ಬೈರಯ್ಯಣ್ಣ, ತಪ್ಪಾಯ್ತು. ಬೆಳೆ ಎಷ್ಟಾಗ್ತಿತ್ತು ಹೇಳು, ಕೊಟ್ಬುಡ್ತೀನಿ. ಎರಡು ಗಂಟೆ ಜಾಸ್ತಿ ಓಡ್ಸುದ್ರೆ ಆಯ್ತು."

ಬೈರಯ್ಯ ಲೋಟ ಕೆಳಗಿಟ್ಟರು. ಮೂವತ್ತು ವರ್ಷ ಕಂಬ ಹತ್ತಿದ ಮನುಷ್ಯ. ಮಾತು ಕಡಿಮೆ, ಆಡಿದರೆ ತೂಕ.

"ಅದೇ ಕಣಪ್ಪ ನಂಗೆ ಬ್ಯಾಡ ಅನ್ನೋದು. ನೀನು ನಂಗ್ ದುಡ್ ಕೊಡಕ್ಕೆ ಎಲ್ಡ್ ಗಂಟೆ ಜಾಸ್ತಿ ಓಡುಸ್ತೀಯ. ಇರೋ ನಾಕ್ ಗಂಟೆ ನಿದ್ದೆ ಎಲ್ಡ್ ಗಂಟೆ ಆಯ್ತದೆ. ಆಮೇಲೆ ಇನ್ನೊಬ್ಬುಂದು ವಲ ಓಯ್ತದೆ. ಅವ್ನೂ ದುಡ್ ಕೇಳ್ತಾನೆ. ಕೊನೀಕೆ ಊರಾಗಿರೋ ಬೆಳೆ ಎಲ್ಲ ಗೊಬ್ಬರ."

ರಾಮಣ್ಣನಿಗೂ ಇದು ತಡೆಯಲಾರದೆ ನಗು ಬಂತು.

"ಅಲಸಂದೆ ಎಷ್ಟ್ ದಿನದ್ ಬೆಳೆ?" ಎಂದು ಬೈರಯ್ಯ ಕೇಳಿದರು.

"ಎಪ್ಪತ್ತು" ಎಂದ ದಿಲೀಪ.

"ಎಪ್ಪತ್ ದಿನದಾಗೆ ಎಷ್ಟ್ ಸೋಮ್ವಾರ ಬತ್ತವೆ? ಹತ್ತು. ಹತ್ ಸೋಮ್ವಾರ ನಿನ್ ಟ್ಯಾಕ್ಟ್ರು ಏಳ್ಕೂಡ್ದು, ನೀನೂ ಅದ್ರ ಮ್ಯಾಲೆ ಕೂರ್ಕೂಡ್ದು. ಭಾನ್ವಾರ ಸಂಜೆ ಬೀಗದ್ಕೈ ತಂದು ನಂಗ್ ಕೊಡು. ಮಂಗಳ್ವಾರ ಬೆಳಗ್ಗೆ ಈಸ್ಕಂಡ್ ಓಗು. ಇನ್ನೊಂದ್ ಬೀಗದ್ಕೈ ನಿಮ್ ಮನೇಲಿರ್ತದೆ ಅಂತ ನಂಗೊತ್ತು. ಅದುನ್ನ ನಾನ್ ಕೇಳಾಕಿಲ್ಲ."

ದಿಲೀಪನ ಮುಖ ಬಿಳಿಚಿತು. ಜೂನ್ ಕೊನೆ. ಮುಂದಿನ ಎರಡು ತಿಂಗಳು ರಾಗಿಯ ಕಾಲ. ಮಳೆ ಬಿದ್ದು ಹದ ಬಂದರೆ ಸುತ್ತ ನಾಲ್ಕು ಹಳ್ಳಿಯವರಿಗೂ ಅದೇ ದಿನ, ಅದೇ ಗಳಿಗೆಗೆ ಟ್ರ್ಯಾಕ್ಟರು ಬೇಕು. 'ಕರೆದರೆ ಬರುವ ದಿಲೀಪ' ಎಂಬ ಹೆಸರೇ ಅವನ ಬಂಡವಾಳ. ಆರು ವರ್ಷದಲ್ಲಿ ಯಾರಿಗೂ 'ಇವತ್ತಾಗಲ್ಲ' ಎಂದವನಲ್ಲ. ಪಕ್ಕದ ಹಳ್ಳಿಯ ಧರ್ಮೇಂದ್ರ ಹೋದ ವರ್ಷವಷ್ಟೇ ಹೊಸ ಟ್ರ್ಯಾಕ್ಟರು ತಂದು, ಗಿರಾಕಿ ಎಲ್ಲಿ ಸಿಗುತ್ತಾರೆ ಎಂದು ಕಾಯುತ್ತಿದ್ದಾನೆ. ಒಂದು ಸಲ ಅವನ ಕಡೆ ತಿರುಗಿದವರು ಮತ್ತೆ ಬರುತ್ತಾರೆಂದು ಯಾರು ಹೇಳಬಲ್ಲರು?

"ಬೈರಯ್ಯಣ್ಣ, ಬ್ಯಾರೆ ಏನಾದ್ರೂ ಕೇಳು."

"ಬ್ಯಾರೆ ಏನೈತೆ ನಿನ್ತಾವ?" ಎಂದರು ಬೈರಯ್ಯ.

*

ಮೊದಲ ಸೋಮವಾರ ದಿಲೀಪ ಮಲಗಿದ. ಬರೀ ಮಲಗಿದ. ಬೆಳಿಗ್ಗೆ ಒಂದು ಸಲ ಎದ್ದು ಕಾಫಿ ಕುಡಿದು ಮತ್ತೆ ಮಲಗಿದ. ಮಧ್ಯಾಹ್ನ ಮುದ್ದೆಯ ತಟ್ಟೆ ಮುಂದಿಟ್ಟುಕೊಂಡೇ ತೂಕಡಿಸಿದ. ಸಂಜೆ ನಾಲ್ಕಾದರೂ ಏಳದಿದ್ದಾಗ ಅವನ ತಾಯಿ ಕಾಮಾಕ್ಷಮ್ಮ ಬಗ್ಗಿ ಮೂಗಿನ ಹತ್ತಿರ ಬೆರಳಿಟ್ಟು ನೋಡಿದರು.

"ಏನತ್ತೆ ಅದು!" ಎಂದು ಗಾಬರಿಯಾದಳು ಹೆಂಡತಿ ಸ್ನೇಹಲತಾ. ಅವಳು ಕಿಟಕಿಯ ಪಕ್ಕ ಹೊಲಿಗೆ ಮಿಷನ್ನಿನ ಮುಂದೆ ಯಾರದೋ ರವಿಕೆಗೆ ಕೊಕ್ಕೆ ಹಾಕುತ್ತಿದ್ದಳು.

"ಉಸ್ರಾಡ್ತಾವ್ನೆ ಬುಡವ್ವ" ಎಂದು ಕಾಮಾಕ್ಷಮ್ಮ ಸಮಾಧಾನದಿಂದ ಎದ್ದರು.

ಎರಡನೇ ಸೋಮವಾರ ನಿದ್ದೆ ಬರಲಿಲ್ಲ, ಕೂರಲೂ ಆಗಲಿಲ್ಲ. ಬೆಳಗಾಗುತ್ತಲೇ ನೇಗಿಲಿನ ಬೋಲ್ಟುಗಳನ್ನೆಲ್ಲ ಬಿಚ್ಚಿ ಎಣ್ಣೆ ಹಾಕಿದ. ಅದು ಮುಗಿದ ಮೇಲೆ ಕೊಟ್ಟಿಗೆಯ ಶೀಟು ಸರಿಮಾಡಲು ಏಣಿ ಹಾಕಿದ. ಅಷ್ಟೊತ್ತಿಗೆ ಬೈರಯ್ಯ, ತಾವು ಕೊಟ್ಟ ಶಿಕ್ಷೆ ಸರಿಯಾಗಿ ಜಾರಿಯಾಗಿದೆಯೇ ಎಂದು ನೋಡಲು ಕೊಡೆ ಹಿಡಿದು ಬಂದರು.

"ಕೆಳಗಿಳಿ."

"ಟ್ಯಾಕ್ಟ್ರು ಮುಟ್ಟಿಲ್ಲ ಕಣಣ್ಣ!"

"ರಜಾ ಅಂದ್ರೆ ಬ್ಯಾರೆ ಕೆಲ್ಸ ಅಲ್ಲ. ಇಳಿ."

"ನೀವೇ ಹೇಳಿ ಬೈರಯ್ಯಣ್ಣ" ಎಂದಳು ಸ್ನೇಹಲತಾ ಒಳಗಿಂದ. "ಬೆಳಗ್ಗೆಯಿಂದ ಮೂರು ಸಲ ನನ್ನ ಮಿಷನ್ನಿಗೂ ಎಣ್ಣೆ ಹಾಕವ್ರೆ. ರವಿಕೆ ಎಲ್ಲ ಜಿಡ್ಡು."

ಇಳಿದು ಜಗಲಿಯ ಮೇಲೆ ಕೂತ. ಕೂತವನ ಕೈಗಳು ತಾವಾಗಿಯೇ ಸ್ಟೇರಿಂಗ್ ಹಿಡಿದಂತೆ ಮಂಡಿಯ ಮೇಲೆ ದುಂಡಗೆ ನಿಂತವು. ಮಗಳು ಪ್ರೇಕ್ಷಾ, ನಾಲ್ಕನೇ ಕ್ಲಾಸು, ಶಾಲೆಯಿಂದ ಬಂದವಳೇ ಅದನ್ನು ನೋಡಿ ಅಪ್ಪನ ಪಕ್ಕ ಕೂತು ತಾನೂ ಹಾಗೆಯೇ ಕೈ ಇಟ್ಟುಕೊಂಡು "ಡರ್‌ರ್‌ರ್" ಎಂದಳು. ಇಬ್ಬರೂ ಅಲ್ಲೇ ಕೂತು ಚನ್ನರಾಯಪಟ್ಟಣದವರೆಗೆ ಹೋಗಿಬಂದರು. ದಾರಿಯಲ್ಲಿ ಡೀಸೆಲ್ ಕೂಡ ಹಾಕಿಸಿದರು.

ಆಮೇಲೆ ಒಂದು ಸೋಮವಾರಕ್ಕೆಂದು ಅವಳೇ ಒಂದು ರಜಾ ಚೀಟಿ ಬರೆದಳು. 'ಮಾನ್ಯ ಮುಖ್ಯೋಪಾಧ್ಯಾಯರಿಗೆ, ನಮ್ಮ ತಂದೆಯವರಿಗೆ ಸೋಮವಾರ ರಜೆ ಇರುವ ಕಾರಣ, ಅವರ ಜೊತೆ ಇರಲು ಯಾರೂ ಇಲ್ಲದಿರುವುದರಿಂದ, ನನಗೆ ಒಂದು ದಿನದ ರಜೆಯನ್ನು ದಯಪಾಲಿಸಬೇಕೆಂದು ತಮ್ಮಲ್ಲಿ ಕೇಳಿಕೊಳ್ಳುತ್ತೇನೆ. ಇಂತಿ ತಮ್ಮ ವಿಧೇಯ ವಿದ್ಯಾರ್ಥಿನಿ.' ಇಂಥ ಚೀಟಿ ತಮ್ಮ ಸರ್ವಿಸಿನಲ್ಲೇ ನೋಡಿರಲಿಲ್ಲವೆಂದು ಮೇಷ್ಟ್ರು ಸಹಿ ಹಾಕಿ ಕೊಟ್ಟರಂತೆ.

ಆ ಸೋಮವಾರ ಗಂಡ, ಹೆಂಡತಿ, ಮಗಳು ಮೂವರೂ ಚನ್ನರಾಯಪಟ್ಟಣಕ್ಕೆ ಹೋಗಿ ಹೊಳೆನರಸೀಪುರದ ಬಸ್ಸು ಹತ್ತಿದರು. ಸ್ನೇಹಲತಾಳ ತವರು ಅಲ್ಲಿಂದಾಚೆ ಅರಕಲಗೂಡು ದಾರಿಯಲ್ಲಿತ್ತು. ದಿಲೀಪ ಅತ್ತೆ ಮನೆಗೆ ಹಗಲು ಹೊತ್ತಿನಲ್ಲಿ ಹೋಗಿ ನಾಲ್ಕು ವರ್ಷವಾಗಿತ್ತು. ಹೆಂಗಸರಿಗೆ ಟಿಕೆಟ್ ಇಲ್ಲ, ದಿಲೀಪನೊಬ್ಬನೇ ದುಡ್ಡು ತೆಗೆದ. "ಈ ಬಸ್ಸು ಓಡ್ತಿರೋದೇ ನಿಮ್ಮಂಥ ಇಬ್ರು ಮೂವರಿಂದ ಸಾ, ಚೆನ್ನಾಗಿ ನೋಡ್ಕಂಡು ಕುಂತ್ಕಳಿ" ಎಂದು ಕಂಡಕ್ಟರು ಕಿಟಕಿಯ ಸೀಟು ತೋರಿಸಿದ.

ಬೇರೊಬ್ಬರು ಓಡಿಸುವ ಗಾಡಿಯಲ್ಲಿ ಸುಮ್ಮನೆ ಕೂರುವುದು ದಿಲೀಪನಿಗೆ ಮೊದಮೊದಲು ಹೆದರಿಕೆಯೇ ಆಯಿತು. ಆಮೇಲೆ ಹೊಲಗಳು ಶುರುವಾದವು.

"ನೋಡಲ್ಲಿ, ಇನ್ನೂ ಹದ ಆಗಿಲ್ಲ, ಆಗ್ಲೇ ಇಳಿಸ್ಬುಟ್ಟವ್ನೆ. ಎಲ್ಲ ಹೆಂಟೆ ಏಳ್ತದೆ. ಆ ಮೂಲೆ ಬಿಟ್ಟೇ ಬುಟ್ನಲ್ಲ! ಲೇ, ತಿರುಗ್ಸೋ..."

"ಕಣ್ ಮುಚ್ಕಳ್ರಿ" ಎಂದಳು ಸ್ನೇಹಲತಾ. "ಅದೂ ರಜೆ ಮೇಲಿರ್ಲಿ."

ಕಣ್ಣು ಮುಚ್ಚಿದವನು ಹೊಳೆ ಬಂದಾಗ ತೆರೆದ. ಹೇಮಾವತಿ ತುಂಬಿ ಕೆಂಪಗೆ ಹರಿಯುತ್ತಿದ್ದಳು. ತವರಿನ ಕಡೆಯ ಬಸ್ಸು ಬರುವವರೆಗೆ ಅವರು ಹೊಳೆಯ ಮೆಟ್ಟಿಲ ಮೇಲೆ ಕೂತು ಚುರುಮುರಿ ತಿಂದರು. ಪ್ರೇಕ್ಷಾ ಶಾಲೆಯಲ್ಲಿ ತನ್ನ ಪಕ್ಕ ಕೂರುವ ಹುಡುಗಿಯ ಬಗ್ಗೆ, ಆ ಹುಡುಗಿ ಸಾಕಿದ ಮೂರು ಕಾಲಿನ ನಾಯಿಯ ಬಗ್ಗೆ ಮುಕ್ಕಾಲು ಗಂಟೆ ಹೇಳಿದಳು. ದಿಲೀಪ ನಡುವೆ ಒಂದು ಸಲವೂ ಫೋನು ತೆಗೆಯಲಿಲ್ಲ. ತೆಗೆಯಲು ಅದು ಇರಲೂ ಇಲ್ಲ. ಸ್ನೇಹಲತಾ ಅದನ್ನು ಅಕ್ಕಿ ಡಬ್ಬದೊಳಗಿಟ್ಟು ಬಂದಿದ್ದಳು.

*

ಹೀಗೆಂದು ಎಲ್ಲವೂ ಸುಗಮವಾಗಿತ್ತು ಎಂದುಕೊಳ್ಳಬಾರದು. ಐದನೇ ಸೋಮವಾರದ ಹಿಂದಿನ ಎರಡು ದಿನ ಸೋನೆ ಹಿಡಿದು ಬಿಟ್ಟಿತು. ಸೋಮವಾರ ಬಿಸಿಲು ಬಿತ್ತು. ಮಣ್ಣು ಹಿಡಿದರೆ ಮುದ್ದೆಯಾಗಿ, ಬಿಟ್ಟರೆ ಉದುರುವಂಥ ಹದ. ಎಂಟು ಗಂಟೆಯೊಳಗೆ ದಿಲೀಪನಿಗೆ ಹದಿನಾಲ್ಕು ಫೋನು ಬಂದವು. ಹದಿನೈದನೆಯದು ರಾಮಣ್ಣನದು.

"ಆರ್ ಎಕ್ರೆ ಕಣ್ಲಾ. ಇವತ್ ಬರಂಗಿದ್ರೆ ಬಾ. ಇಲ್ಲಾಂದ್ರೆ ಧರ್ಮೇಂದ್ರುನ್ನ ಕರೀತೀನಿ. ಆಮೇಲೆ ನಮ್ ಮನೆ ಕಡೆ ಬರ್ಬ್ಯಾಡ."

ಊರಲ್ಲಿ ಎಲ್ಲರಿಗಿಂತ ಹೆಚ್ಚು ಜಮೀನು ರಾಮಣ್ಣನದು. ಅವನು ಯಾರನ್ನು ಕರೆಯುತ್ತಾನೋ ಊರೂ ಅವರನ್ನೇ ಕರೆಯುತ್ತದೆ. ದಿಲೀಪ ಫೋನು ಇಟ್ಟ. ದೇವರ ಗೂಡಿನಿಂದ ಇನ್ನೊಂದು ಬೀಗದ ಕೈ ತೆಗೆದ. ಸ್ನೇಹಲತಾ ನೋಡಿದಳು. ಮತ್ತೆ ಮಿಷನ್ ತುಳಿಯತೊಡಗಿದಳು. ಬೈದಿದ್ದರೆ ವಾಸಿಯಿತ್ತು.

ಟ್ರ್ಯಾಕ್ಟರು ಹೊರಟಿತು. ಮೋರಿ ದಾಟಿತು. ಅಲ್ಲಿ ಮಲ್ಲಿಗಮ್ಮ ಅಳಿದುಳಿದ ಅರ್ಧ ಹೊಲದಲ್ಲಿ ಎರಡನೇ ಸಲದ ಅಲಸಂದೆ ಕಾಯಿ ಬಿಡಿಸುತ್ತಿದ್ದರು. ಸದ್ದಿಗೆ ಸೊಂಟ ನೆಟ್ಟಗೆ ಮಾಡಿ, ಕೈಯನ್ನು ಹಣೆಗೆ ಅಡ್ಡ ಹಿಡಿದು ನೋಡಿದರು. ದಿಲೀಪನ ಕಾಲು ತಾನಾಗಿಯೇ ಬ್ರೇಕ್ ಒತ್ತಿತು.

"ಯಾಕಪ್ಪ ನಿಲ್ಲಿಸ್ದೆ?" ಎಂದರು ಆಕೆ. "ಮಿಕ್ಕಿರೋದೂ ಅಪ್ಸೆಣಬು ತರ ಕಾಣ್ತಾ?"

ದಿಲೀಪನಿಗೆ ನಾಚಿಕೆಯಾಗಬೇಕಿತ್ತು. ಆಯಿತು ಕೂಡ. ಆದರೆ ಅದಕ್ಕೂ ಮುಂಚೆ ನಗು ಬಂದುಬಿಟ್ಟಿತು. ಆಕೆಯೂ ನಕ್ಕರು. ಇಬ್ಬರೂ ಸೆರಗಿನಿಂದ ಒಬ್ಬರು, ಟವಲಿನಿಂದ ಒಬ್ಬರು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

"ಬೈರಯ್ಯಣ್ಣಂಗೆ ಏಳ್ತೀಯಾ ಅಕ್ಕ?"

"ನಾನ್ಯಾಕಪ್ಪ ಏಳ್ಲಿ? ನಾನೇನು ನೋಡ್ದೆ? ದಿಲೀಪ ಗಾಡಿ ತಿರುಗ್ಸಕ್ಕೆ ಜಾಗ ಸಾಲ್ದೆ ಇಲ್ಗಂಟ ಬಂದಿದ್ದ. ತಿರುಗ್ಸ್ಕಂಡ್ ಓದ." ಹೇಳುತ್ತಲೇ ಒಂದು ಬೊಗಸೆ ಎಳೆಕಾಯಿ ತಂದು ಅವನ ಟವಲಿಗೆ ಸುರಿದರು. "ಸ್ನೇಹಂಗೆ ಕೊಡು. ಉಪ್ಸಾರು ಮಾಡ್ಲಿ."

ಅವನು ಗಾಡಿ ತಿರುಗಿಸಿಕೊಂಡು ಹೋದ. ರಾಮಣ್ಣನ ಆರು ಎಕರೆ ಆ ದಿನ ಧರ್ಮೇಂದ್ರನ ಪಾಲಾಯಿತು. ಮರುದಿನದಿಂದ ಇನ್ನು ನಾಲ್ಕು ಮನೆಯವರು ದಿಲೀಪನಿಗೆ ಫೋನು ಮಾಡುವುದನ್ನು ಬಿಟ್ಟರು. ರಾತ್ರಿ ಮಲಗುವ ಮುಂಚೆ ಅವನು ಫೋನನ್ನು ಎರಡು ಮೂರು ಸಲ ತೆಗೆದು ನೋಡತೊಡಗಿದ.

*

ಏಳನೇ ಸೋಮವಾರದ ಹೊತ್ತಿಗೆ ಬೈರಯ್ಯನವರಿಗೂ ದಿಲೀಪನ ಜಗಲಿ ರೂಢಿಯಾಗಿಬಿಟ್ಟಿತ್ತು. ಉಸ್ತುವಾರಿಗೆಂದು ಬಂದವರು ಎರಡು ಲೋಟ ಕಾಫಿ ಕುಡಿಯದೆ ಏಳುತ್ತಿರಲಿಲ್ಲ.

"ಬೈರಯ್ಯಣ್ಣ, ನಿಂಗೆ ಇದೆಂಗ್ ಒಳೀತು? ಬೀಗದ್ಕೈ ಈಸ್ಕಳೋದು" ಎಂದು ದಿಲೀಪ ಕೇಳಿದ.

ಬೈರಯ್ಯ ಕೊಡೆಯನ್ನು ಗೋಡೆಗೆ ಒರಗಿಸಿದರು. "ನನ್ ಜತೇಲಿ ಶಿವಯ್ಯ ಅಂತ ಒಬ್ಬ ಇದ್ದ. ಗಟ್ಟಿ ಆಳು. ಗಾಳಿ ಮಳೆ ಬಂದು ಲೈನೆಲ್ಲ ಬಿದ್ದಿದ್ದಾಗ ಮೂರ್ ದಿನ ಮಲಗ್ದೆ ಕೆಲ್ಸ ಮಾಡ್ದ. ಕಂಬ ಹತ್ತಕ್ ಮುಂಚೆ ನಾವು ಲೈನ್ ಆಫ್ ಮಾಡುಸ್ತೀವಿ. ಅವ್ನೂ ಮಾಡುಸ್ದ. ಆಫ್ ಮಾಡ್ಸಿದ್ದು ಒಂದ್ ಲೈನು, ಹತ್ತಿದ್ದು ಪಕ್ಕದ್ ಲೈನಿನ್ ಕಂಬ."

"ಉಳ್ಕಂಡ್ನಾ?" ಎಂದು ದಿಲೀಪ ಕೇಳಿದ.

"ಉಳ್ಕಂಡ. ಎಡಗೈ ಓಯ್ತು. ಈಗ್ಲೂ ಸಿಕ್ದಾಗ ನಗಾಡ್ತಾನೆ, 'ನಿದ್ದೆ ಮಾಡ್ಲಾ ಬೈರಾ' ಅಂತಾನೆ. ನೀನು ನನ್ ಅಲಸಂದೇಲಿ ಸುತ್ತು ಒಡೀತಿದ್ದೆ ಅಂತ ಇವ್ಳು ಬಂದ್ ಏಳ್ದಾಗ ನಂಗೆ ಸಿಟ್ ಬರ್ಲಿಲ್ಲ. ಸದ್ಯ, ಅಲಸಂದೆ ತಾನೆ ಅನ್ನುಸ್ತು."

ಬೈರಯ್ಯ ಹೋದ ಮೇಲೂ ದಿಲೀಪ ಅಲ್ಲೇ ಕೂತಿದ್ದ. ಯೋಚನೆ ಮಾಡಲು ಪುರುಸೊತ್ತು ಸಿಕ್ಕರೆ ಮನಸ್ಸು ಎಲ್ಲೆಲ್ಲಿಗೋ ಹೋಗುತ್ತದೆ. ಅವನದು ಅಪ್ಪನ ಹತ್ತಿರ ಹೋಯಿತು. ಅಪ್ಪ ಇದ್ದಾಗ ಮನೆಯಲ್ಲಿ ಒಂದು ಜೊತೆ ಎತ್ತಿದ್ದವು. ಸೋಮವಾರ ಬಸವಣ್ಣನ ದಿನ. ಊರಿನಲ್ಲಿ ಯಾರೂ ನೇಗಿಲು ಕಟ್ಟುತ್ತಿರಲಿಲ್ಲ. ಅಪ್ಪ ಎತ್ತಿನ ಮೈ ತೊಳೆದು, ಕೊಂಬಿಗೆ ಎಣ್ಣೆ ಸವರಿ, ಮೇಯಲು ಬಿಟ್ಟು, ಆಮೇಲೆ ತಾನು ಗಡ್ಡ ಹೆರೆಸಿಕೊಂಡು ಬಂದು ಇದೇ ಜಗಲಿಯ ಮೇಲೆ ಕಾಲು ಚಾಚುತ್ತಿದ್ದ. ಯಾರಾದರೂ ಕೇಳಿದರೆ "ಎತ್ಗೆ ರಜಾ" ಎನ್ನುತ್ತಿದ್ದ. ತನಗೆ ರಜಾ ಎಂದು ಒಂದು ದಿನವೂ ಹೇಳಲಿಲ್ಲ. ಎತ್ತಿನ ಹೆಸರು ಹೇಳಿಕೊಂಡು ಊರಿನ ಗಂಡಸರೆಲ್ಲ ಸೋಮವಾರ ಕೂತು ಮಾತಾಡುತ್ತಿದ್ದರು, ನಗುತ್ತಿದ್ದರು, ಮಕ್ಕಳ ತಲೆ ಸವರುತ್ತಿದ್ದರು. ಎತ್ತು ಹೋಗಿ ಟ್ರ್ಯಾಕ್ಟರು ಬಂತು. ಅದಕ್ಕೆ ದಣಿವಿಲ್ಲ ಎಂದು ಎಲ್ಲರಿಗೂ ಸಂತೋಷವಾಯಿತು. ಓಡಿಸುವವನಿಗೆ ಇದೆ ಎನ್ನುವುದು ಮಾತ್ರ ಯಾರಿಗೂ ನೆನಪಾಗಲಿಲ್ಲ, ಓಡಿಸುವವನಿಗೂ.

"ಲೇ ಸ್ನೇಹಾ" ಎಂದು ಕೂಗಿದ. "ಟ್ಯಾಕ್ಟ್ರು ತಗಳ್ವಾಗ ನಾನು ಏನ್ ಏಳಿದ್ದೆ ನಿಂಗೆ?"

ಒಳಗೆ ಮಿಷನ್ನಿನ ಸದ್ದು ನಿಂತಿತು. "ಅಪ್ಪ ಮೂರ್ ದಿನ ಉಳೋದನ್ನ ಮೂರ್ ಗಂಟೇಲಿ ಉತ್ತು ಮನೆಗ್ ಬಂದು ನಿನ್ ಜತೆ ಕೂತಿರ್ತೀನಿ ಅಂದಿದ್ರಿ."

"ಆಮೇಲೆ?"

"ಆಮೇಲೇನು? ಅವತ್ತಿಂದ ನಾನೇ ಕೂತಿದೀನಿ" ಎಂದಳು. ಮಿಷನ್ನಿನ ಸದ್ದು ಮತ್ತೆ ಶುರುವಾಯಿತು.

*

ಒಂಬತ್ತನೇ ಸೋಮವಾರ ಬೆಳಿಗ್ಗೆ ಮನೆ ಮುಂದೆ ಬೈಕು ನಿಂತಿತು. ಇಳಿದವನು ಧರ್ಮೇಂದ್ರ. ಕಣ್ಣು ಎರಡೂ ದಾಸವಾಳದಂತೆ ಕೆಂಪಗಿದ್ದವು. ಎಡಗಾಲಿಗೊಂದು ಬಣ್ಣದ ಚಪ್ಪಲಿ, ಬಲಗಾಲಿಗೆ ಇನ್ನೊಂದು.

"ದಿಲೀಪಣ್ಣ, ನಿನ್ ಕಾಲಿಗ್ ಬೀಳ್ತೀನಿ. ನಿನ್ ಸೋಮ್ವಾರ ವಾಪಸ್ ತಗಾ."

"ಯಾಕ್ಲಾ? ಗಿರಾಕಿ ಸಿಕ್ಕವ್ರಲ್ಲ, ಖುಷಿಯಾಗಿರು."

"ಖುಷಿ ಮನೆ ಹಾಳಾಗ! ಸೋಮ್ವಾರ ಬಂದ್ರೆ ಹತ್ ಕಡೆ ಕರೀತಾರೆ. ಮಂಗಳ್ವಾರಕ್ ಉಳೀತದೆ, ಅದು ಬುಧವಾರಕ್ ಓಯ್ತದೆ. ಮೊನ್ನೆ ನಮ್ಮವ್ವ ಕಾಪಿ ಕೊಟ್ರೆ 'ಎಷ್ಟ್ ಎಕ್ರೆ' ಅಂದ್ನಂತೆ. ಆ ರಾಮಣ್ಣ ಒಂದ್ಕಡೆ ತಲೆ ತಿಂತಾನೆ. ಸುತ್ತು ವಾರೆ ಬಂತಂತೆ, ಮೂಲೆ ಬಿಟ್ನಂತೆ, 'ದಿಲೀಪ ಆಗಿದ್ರೆ' ಅಂತಾನೆ. ಅಂಗಾದ್ರೆ ದಿಲೀಪುನ್ನೇ ಕರ್ಕೊಳ್ಳಪ್ಪ ಅಂದೆ."

ದಿಲೀಪ ಅವನನ್ನು ಎಳೆದು ಜಗಲಿಯ ಮೇಲೆ ಕೂರಿಸಿದ. ಕಾಫಿ ಬಂತು, ಎರಡು ತಟ್ಟೆ ಅವಲಕ್ಕಿ ಬಂತು. ಅದು ಮುಗಿಯುವಷ್ಟರಲ್ಲಿ ಒಂದು ಒಪ್ಪಂದವಾಗಿತ್ತು. ಧರ್ಮೇಂದ್ರ ಗುರುವಾರ ಗಾಡಿ ತೆಗೆಯುವುದಿಲ್ಲ. ಸೋಮವಾರ ದಿಲೀಪ ತೆಗೆಯುವುದಿಲ್ಲ. ಒಬ್ಬರ ರಜೆಯ ದಿನ ಇನ್ನೊಬ್ಬರು ತುರ್ತು ಕೆಲಸ ಮಾತ್ರ ಹಿಡಿಯುವುದು, ಗಿರಾಕಿಯನ್ನು ಕಸಿಯುವುದಿಲ್ಲ.

"ಆದ್ರೆ ನಿನ್ ಶಿಕ್ಷೆ ಮುಂದಿನ್ ವಾರಕ್ಕೆ ಮುಗೀತದಲ್ಲಣ್ಣ?" ಎಂದ ಧರ್ಮೇಂದ್ರ ಅನುಮಾನದಿಂದ. "ಆಮೇಲೂ ಸೋಮ್ವಾರ ಕೂತಿರ್ತೀಯಾ?"

ದಿಲೀಪ ಖಾಲಿ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದ.

ಹತ್ತನೆಯದೂ ಮುಗಿಯಿತು. ಅದರ ಮುಂದಿನ ಭಾನುವಾರ ಸಂಜೆ ಕಾಲು ಅಭ್ಯಾಸಬಲದಿಂದ ಬೈರಯ್ಯನವರ ಮನೆಗೆ ನಡೆಯಿತು. ದಿಲೀಪ ಬೀಗದ ಕೈ ಮುಂದೆ ಚಾಚಿದ. ಬೈರಯ್ಯ ಕೈ ಚಾಚಲಿಲ್ಲ.

"ತೀರ್ತಲ್ಲಪ್ಪ. ಇನ್ಯಾಕೆ?"

"ನಿನ್ತಾವಿದ್ರೆ ನಂಗ್ ಸಲೀಸು ಕಣಣ್ಣ. ಯಾರಾದ್ರೂ ಕರುದ್ರೆ 'ಬೈರಯ್ಯಣ್ಣ ಕೊಡಾಕಿಲ್ಲ' ಅಂದ್ಬುಡ್ಬೋದು."

"ಓಹೋ! ಬೈಸ್ಕಳಕ್ಕೆ ನಾನು, ಮಲಗಾಕೆ ನೀನಾ?" ಬೈರಯ್ಯ ನಕ್ಕು ಒಳಗೆ ಹೋದರು. "ಎತ್ಗೆ ಬಾಯಿಲ್ಲ. ನಿಂಗೈತೆ. 'ಆಗಕಿಲ್ಲ' ಅಂತ ನೀನೇ ಅನ್ನು."

*

ಆ ಸೋಮವಾರ ಹುರುಳಿ ಚೆಲ್ಲುವುದಕ್ಕೆ ಹೇಳಿ ಮಾಡಿಸಿದ ದಿನವಾಗಿತ್ತು. ಶನಿವಾರ ಒಳ್ಳೆಯ ಮಳೆ, ಭಾನುವಾರ ಗಾಳಿ, ಈಗ ತಿಳಿ ಬಿಸಿಲು. ಏಳು ಗಂಟೆಗೆ ಫೋನು. ರಾಮಣ್ಣ, ಆರು ವಾರಗಳ ಮೇಲೆ.

"ಬಾರ್ಲಾ. ಮೇಲಿನ್ ತಾಕು ಉಳ್ಬೇಕು. ಹಳೇದೆಲ್ಲ ಬುಟ್ಬುಡು."

ದಿಲೀಪ ಜೇಬಿನಲ್ಲಿದ್ದ ಬೀಗದ ಕೈ ಮುಟ್ಟಿ ನೋಡಿದ. ರಾಮಣ್ಣ ತಿರುಗಿ ಬಂದರೆ ಆ ನಾಲ್ಕು ಮನೆಗಳೂ ಬಂದಂತೆ. ಹಟ ಹಿಡಿದರೆ ಹೋದಂತೆ. ಅಡುಗೆ ಮನೆಯ ಬಾಗಿಲಲ್ಲಿ ಸ್ನೇಹಲತಾ ನಿಂತಿದ್ದಳು, ಕೈಯಲ್ಲಿ ಸೌಟು ಹಿಡಿದು, ಅವನ ಮುಖವನ್ನೇ ನೋಡುತ್ತ.

"ನಾಳೆ ಬತ್ತೀನಿ ಕಣಣ್ಣ" ಎಂದ.

ಫೋನು ಕಟ್ಟಾಯಿತು. ಕಾಲು ಗಂಟೆಯಲ್ಲಿ ರಾಮಣ್ಣನ ಮೊಪೆಡ್ಡು ಅಂಗಳಕ್ಕೆ ನುಗ್ಗಿತು. ಸ್ಟ್ಯಾಂಡು ಹಾಕುವುದಕ್ಕೂ ಮುಂಚೆ ಬಾಯಿ ಶುರುವಾಗಿತ್ತು.

"ಏನ್ಲಾ, ಆ ಲೈನ್‌ಮ್ಯಾನು ಬೀಗದ್ಕೈ ಕೊಡ್ಲಿಲ್ವಾ?"

"ಕೊಟ್ಟವ್ರೆ. ನನ್ ಜೇಬಲ್ಲೇ ಐತೆ."

"ಮತ್ತೆ ಏಳು!"

"ಇವತ್ ಸೋಮ್ವಾರ ಕಣಣ್ಣ."

"ನಿನ್ ಹತ್ ಸೋಮ್ವಾರ ತೀರ್ತಲ್ಲ!"

"ಅದು ಬೈರಯ್ಯಣ್ಣಂದು ತೀರ್ತು. ಇದು ನಂದು."

ಹೇಳಿದ ಮೇಲೆ ದಿಲೀಪನಿಗೇ ತನ್ನ ಮಾತು ಕೇಳಿ ಆಶ್ಚರ್ಯವಾಯಿತು. ದಿಲೀಪ ನಿಧಾನವಾಗಿ, ಆದರೆ ನಿಲ್ಲಿಸದೆ ಹೇಳಿದ. "ರಾಮಣ್ಣ, ತಿಳಿ ಬಿಸಿಲು. ಹದ ನಾಳೇನೂ ಇರ್ತದೆ, ನೀನೇ ಮಣ್ ಹಿಡ್ದು ನೋಡು. ನಾಳೆ ನಿಂದೇ ಮೊದ್ಲು. ಸುತ್ತು ವಾರೆಯಾದ್ರೆ ದುಡ್ ಕೊಡ್ಬ್ಯಾಡ. ಆಗಕಿಲ್ಲ ಅಂದ್ರೆ ಧರ್ಮೇಂದ್ರುನ್ ಕರಿ, ನಂಗ್ ಬೇಜಾರಿಲ್ಲ." ಕೊನೆಯ ಮಾತು ಸುಳ್ಳು. ಬೇಜಾರು ಬಹಳವೇ ಆಗುತ್ತಿತ್ತು. ಆದರೂ ಅವನು ಜಗಲಿಯಿಂದ ಏಳಲಿಲ್ಲ.

"ಆ ಧರ್ಮೇಂದ್ರನ್ ಸುದ್ದಿ ಎತ್ಬ್ಯಾಡ" ಎಂದ ರಾಮಣ್ಣ. "ಹಾವು ಹರ್ದಂಗ್ ಉಳ್ತಾನೆ." ಒಂದು ಹೆಜ್ಜೆ ಮೊಪೆಡ್ಡಿನ ಕಡೆ ಇಟ್ಟ. ಒಂದು ಹೆಜ್ಜೆ ವಾಪಸು ಬಂದ. "ಅಲ್ಲ, ಇವತ್ ದಿನ ಪೂರ್ತಿ ನಾನೇನ್ ಮಾಡ್ಲಿ? ಆಳಿಗ್ ಬ್ಯಾರೆ ಬರಬ್ಯಾಡ ಅಂತ ಏಳ್ಬೇಕು."

"ಕುಂತ್ಕೋ" ಎಂದರು ಒಳಗಿಂದ ಕಾಮಾಕ್ಷಮ್ಮ. "ನಿಂತೇ ನಾಕ್ ತಿಂಗ್ಳಾಯ್ತು ನೀನು. ಸ್ನೇಹಾ, ರಾಮಣ್ಣಂಗೂ ಒಂದ್ ರೊಟ್ಟಿ ತಟ್ಟವ್ವ."

ರಾಮಣ್ಣ ಕೂತ. ಐದು ನಿಮಿಷಕ್ಕೆಂದೇ ಕೂತ. ಬಿಸಿ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಬಂದವು. ಮೂರನೇ ರೊಟ್ಟಿಗೆ ಮಾತು ಮೆದುವಾಯಿತು. ಮಗನ ಮದುವೆಗೆ ಹೆಣ್ಣು ಹುಡುಕುತ್ತಿರುವುದನ್ನು, ಮಂಡಿ ನೋವನ್ನು, ಹೆಂಡತಿಯ ಜೊತೆ ಯುಗಾದಿಯ ಮೇಲೆ ಒಂದು ಸಲವೂ ಕೂತು ಊಟ ಮಾಡಿಲ್ಲವೆಂಬುದನ್ನು ತಾನಾಗಿಯೇ ಹೇಳಿಕೊಂಡ. ಹೇಳುತ್ತ ಹೇಳುತ್ತ ಗೋಡೆಗೆ ಒರಗಿದ. ಒರಗಿದವನು ಜಾರಿದ. ಹತ್ತೂವರೆಗೆ ಅವನ ಗೊರಕೆ ಬೀದಿಯ ತಿರುವಿನವರೆಗೂ ಕೇಳುತ್ತಿತ್ತು.

ಎದ್ದಾಗ ಬಿಸಿಲು ಜಗಲಿಯಿಂದ ಇಳಿದು ಅಂಗಳದಾಚೆಗೆ ಹೋಗಿತ್ತು. ತಲೆಯ ಕೆಳಗೆ ಯಾರೋ ದಿಂಬು ಇಟ್ಟಿದ್ದರು. ಪಕ್ಕದಲ್ಲಿ ದಿಲೀಪ, ಶಾಲೆಯಿಂದ ಬಂದ ಮಗಳ ಜೊತೆ ನೆಲದ ಮೇಲೆ ಚೌಕಾಬಾರ ಬರೆದು ಸೋಲುತ್ತಿದ್ದ. ರಾಮಣ್ಣ ಕಣ್ಣುಜ್ಜಿಕೊಂಡು ಸುತ್ತ ನೋಡಿದ, ಮೈಮುರಿದ. ಆಮೇಲೆ ಚಪ್ಪಲಿ ಮೆಟ್ಟಿಕೊಳ್ಳುತ್ತ ಕೇಳಿದ.

"ನಾಳೆ ಎಷ್ಟೊತ್ಗೆ ಬತ್ತೀಯಾ?"

"ಆರ್ ಗಂಟೆಗ್ ಬಂದ್ಬುಡ್ತೀನಿ ಕಣಣ್ಣ."

"ಎಂಟಕ್ ಬಾ" ಎಂದ ರಾಮಣ್ಣ. "ನಾನೂ ಒಂದ್ ದಿನ ಹೆಂಡ್ತಿ ಜತೆ ಕೂತು ಕಾಪಿ ಕುಡೀತೀನಿ."